ಬಿಇಒ ಸಾಹೇಬರೇ, ನಮ್ಮ ಶಾಲೆ ಲೆಕ್ಕ ಓದಿ ಹೇಳಿಸಿ

ನಮಸ್ಕಾರ ಸರ್,

ನಾನು ಟೈಲರ್. ಬಸ್ ಸ್ಟ್ಯಾಂಡ್ ಪಕ್ಕ ಹತ್ತಡಿ ಅಂಗಡಿ, ಎರಡು ಮಿಷನ್ನು. ವರ್ಷಪೂರ್ತಿ ಬ್ಲೌಸ್ ಹೊಲಿಯುತ್ತೇನೆ, ಜೂನ್ ಬಂತೆಂದರೆ ಯೂನಿಫಾರ್ಮು. ಕೊರೊನಾ ಮುಗಿದು 2021ರ ಕೊನೆಗೆ ಶಾಲೆ ಬಾಗಿಲು ತೆಗೆದಾಗ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಾಗಿರುವ ಶಾಲಾ ಸಮಿತಿಯ, ಅಧ್ಯಕ್ಷೆ ಆದೆ. ಮೂರು ವರ್ಷ ಇದ್ದೆ. ಊರಿನ ಹೆಸರು ಬರೆಯುತ್ತಿಲ್ಲ, ನಿಮ್ಮ ಹೆಸರೂ ಬರೆಯುತ್ತಿಲ್ಲ. ಬರೆದರೆ ಮೊದಲು ನೋಟಿಸ್ ಬರೋದು ನಮ್ಮ ಹೆಡ್‌ಮಾಸ್ಟ್ರಿಗೆ, ಪಾಪ, ಅವರದ್ದೇನೂ ತಪ್ಪಿಲ್ಲ. ನಿಮ್ಮ ಮೇಲೂ ನನಗೆ ಕೋಪ ಇಲ್ಲ. ನಾನು ಕಂಡ ಹಾಗೆ ನಾಲ್ಕು ವರ್ಷದಲ್ಲಿ ಈ ತಾಲ್ಲೂಕಿಗೆ ಬಂದ ಮೂರನೇ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ನೀವು.

ಈ ಕಾಗದವನ್ನು ಲಕೋಟೆಗೆ ಹಾಕಿ ನಿಮ್ಮ ಆಫೀಸಿಗೇ ಕೊಡಬಹುದಿತ್ತು. ಎರಡು ಸಲ ಕೊಟ್ಟಿದ್ದೇನೆ. ಟಪಾಲಿನಲ್ಲಿ ಸೀಲ್ ಹೊಡೆದು ವಾಪಸ್ ಕೊಟ್ಟ ನಕಲು ಇನ್ನೂ ನನ್ನ ಬಟನ್ ಡಬ್ಬಿಯಲ್ಲಿದೆ. ಅದಕ್ಕೇ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಬೇರೆ ಊರಿನ ತಂದೆ ತಾಯಂದಿರೂ ಓದಲಿ.

ಕೇಳೋದು ಒಂದೇ ಸರ್. ಶಾಲೆಗೆ ಎರಡು ಲೆಕ್ಕ ಇದೆ. ಬಂದ ದುಡ್ಡು ಏನಾಯ್ತು ಅನ್ನೋದು ಒಂದು, ಮಕ್ಕಳಿಗೆ ಏನು ಬಂತು ಅನ್ನೋದು ಇನ್ನೊಂದು. ಎರಡನ್ನೂ ಹೆಡ್‌ಮಾಸ್ಟ್ರು ಕಂಪ್ಯೂಟರಿಗೆ ತುಂಬುತ್ತಾರೆ. ಅದು ಕ್ಲಸ್ಟರಿನ ಸಿಆರ್‌ಪಿ, ತಾಲ್ಲೂಕಿನ ಬಿಆರ್‌ಸಿ, ನಿಮ್ಮ ಆಫೀಸು, ಜಿಲ್ಲೆಯ ಡಿಡಿಪಿಐ ಆಫೀಸು ದಾಟಿಕೊಂಡು ಬೆಂಗಳೂರಿಗೆ ಹೋಗುತ್ತದೆ. ಶಾಲೆಯ ಹೊರಗೆ ಕೂತ ನಮಗೆ ಮಾತ್ರ ಯಾರೂ ಓದಿ ಹೇಳಲ್ಲ. ಓದಿ ಹೇಳಿಸಿ.

ನಾನು ಅಧ್ಯಕ್ಷೆ ಆಗಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಕ್ಕಾಲು ಕಥೆ ಅಲ್ಲೇ ಇದೆ. ಒಂದು ದಿನ ಮಧ್ಯಾಹ್ನ ಪೋಷಕರ ಸಭೆ ಕರೆದಿದ್ದರು. ಗಂಡಸರು ನಾಲ್ಕು ಜನ, ನಾವು ಹೆಂಗಸರು ಏಳೆಂಟು ಜನ, ಉಳಿದವರೆಲ್ಲ ಹೊಲದಲ್ಲಿ. ಸಮಿತಿಯಲ್ಲಿ ಅರ್ಧ ಹೆಂಗಸರೇ ಇರಬೇಕು ಅಂತ ಕಾನೂನಿದೆ ಅಂದರು. ಯಾರೋ, ಅಂಗಡಿ ಅಕ್ಕ ಊರಲ್ಲೇ ಇರ್ತಾರೆ, ಸೈನಿಗೆ ಬೇಕಾದಾಗ ಸಿಗ್ತಾರೆ, ಅವರೇ ಆಗಲಿ ಅಂದರು. ಚಪ್ಪಾಳೆ ಹೊಡೆದರು. ಆಯ್ತು. ಸೈನಿಗೆ ಸಿಗೋದೇ ನನ್ನ ಅರ್ಹತೆ.

ಅಧ್ಯಕ್ಷೆ ಅಂದರೆ ಆಗಸ್ಟ್ 15ಕ್ಕೆ ಮುಂದಿನ ಸಾಲಿನ ಕುರ್ಚಿ ಅಂತ ತಿಳಿದಿದ್ದೆ. ಶಾಲೆಯ ಖಾತೆ ಹೆಡ್‌ಮಾಸ್ಟ್ರು ಮತ್ತು ಅಧ್ಯಕ್ಷರ ಜಂಟಿ ಹೆಸರಲ್ಲಿ ಇರುತ್ತದೆ, ನನ್ನ ಸೈನ್ ಇಲ್ಲದೆ ಒಂದು ರೂಪಾಯಿ ಹೊರಗೆ ಬರಲ್ಲ ಅಂತ ಗೊತ್ತಾಗಿದ್ದು ಬ್ಯಾಂಕಿನಲ್ಲಿ ಫೋಟೊ ಅಂಟಿಸುವಾಗ. ಆಮೇಲೆ ಹೆಡ್‌ಮಾಸ್ಟ್ರು ಬೈಕಿನಲ್ಲಿ ಅಂಗಡಿಗೆ ಬರೋರು. ಕೈಯಲ್ಲಿ ಒಂದು ಚೆಕ್ಕು, ಇಲ್ಲವೇ ಕಂಪ್ಯೂಟರಿನಿಂದ ತೆಗೆದ ಪೇಮೆಂಟ್ ಕಾಗದ. ನಾನು ಮಿಷನ್ ನಿಲ್ಲಿಸಿ, ಬಾಯಲ್ಲಿದ್ದ ದಾರ ತೆಗೆದು, ಅವರು ಬೆರಳಿಟ್ಟ ಜಾಗದಲ್ಲಿ ಸೈನ್ ಹಾಕುತ್ತಿದ್ದೆ. ಏನು ಸರ್ ಇದು ಅಂದರೆ ಸುಣ್ಣ ಬಣ್ಣದ್ದು ಅಂತಲೋ, ಚಾಕ್‌ಪೀಸ್ ಬಿಲ್ಲು ಅಂತಲೋ ಹೇಳುತ್ತಿದ್ದರು. ಸರಿ ಸರ್ ಅನ್ನುತ್ತಿದ್ದೆ. ಬಹಳ ದಿನ ಹೀಗೇ ನಡೆಯಿತು. ನನ್ನ ಅಂಗಡಿಯಲ್ಲಿ ಯಾರಾದರೂ ಹೀಗೆ ಅಳತೆ ನೋಡದೆ ಬಟ್ಟೆ ಕತ್ತರಿಸಿದರೆ ನಾನು ಸುಮ್ನೆ ಇರ್ತೀನಾ?

ಹೆಡ್‌ಮಾಸ್ಟ್ರು ಕಳ್ಳರಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಅವರು ಐದನೇ ಕ್ಲಾಸಿಗೆ ಗಣಿತ ಹೇಳಬೇಕು, ಬಿಸಿಯೂಟದ ಅಕ್ಕಿ ಬೇಳೆ ತೂಕ ಬರೆಯಬೇಕು, ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಜನ ಬಾಳೆಹಣ್ಣು ತಗೊಂಡರು ಅಂತ ಲೆಕ್ಕ ಕೊಡಬೇಕು, ಮಕ್ಕಳ ವಿವರಕ್ಕೆ ಎಸ್‌ಎಟಿಎಸ್ ತುಂಬಬೇಕು, ಶಾಲೆಯ ವಿವರಕ್ಕೆ ಯು-ಡೈಸ್ ತುಂಬಬೇಕು, ಮಧ್ಯೆ ನಿಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ‘ತುರ್ತು’ ಅಂತ ಬಂದದ್ದಕ್ಕೆಲ್ಲ ಸಂಜೆ ಐದರೊಳಗೆ ಉತ್ತರ ಹಾಕಬೇಕು. ಪ್ರಾಥಮಿಕ ಶಾಲೆಗೆ ಗುಮಾಸ್ತರು ಇರಲ್ಲ. ಹೀಗಾಗಿ ಲೆಕ್ಕದ ಪುಸ್ತಕ ಬರೆಯೋದು ಭಾನುವಾರ, ಅವರ ಮನೆಯಲ್ಲಿ, ಹೆಂಡತಿ ಕೈಲಿ ಬೈಸಿಕೊಂಡು. ಅಂಥವರನ್ನು ನಾನು ಕ್ಯಾಷ್ ಬುಕ್ ಓದಿ ಸರ್ ಅಂತ ಹೇಗೆ ಕೇಳಲಿ? ಕೇಳಿದರೆ ಅನುಮಾನ ಪಟ್ಟ ಹಾಗೆ. ಕೇಳದಿದ್ದರೆ ನಾನು ಬರೀ ರಬ್ಬರ್ ಸ್ಟಾಂಪು.

ಇದೇ ಕಾರಣಕ್ಕೆ ನಿಮಗೆ ಬರೆಯುತ್ತಿರೋದು. ಓದಿ ಹೇಳುವುದು ಒಬ್ಬ ಹೆಡ್‌ಮಾಸ್ಟ್ರ ಒಳ್ಳೆಯತನಕ್ಕೋ ಒಬ್ಬ ಅಧ್ಯಕ್ಷೆಯ ಧೈರ್ಯಕ್ಕೋ ಬಿಟ್ಟ ವಿಷಯ ಆಗಬಾರದು. ತಾಲ್ಲೂಕಿನ ಎಲ್ಲ ಶಾಲೆಗೂ ಒಂದೇ ಪದ್ಧತಿ ಆದರೆ ಯಾರಿಗೂ ಮುಜುಗರ ಇಲ್ಲ.

ದುಡ್ಡು ಅಂದರೆ ಎಷ್ಟು ದುಡ್ಡು ಅಂತ ಓದುವವರು ಕೇಳಬಹುದು. ಕೋಟಿಗಟ್ಟಲೆ ಏನಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಂದು ಅನುದಾನ ಇದೆ. ಅದರ ನಿಯಮ ನಾನು ಅಧ್ಯಕ್ಷೆ ಆಗಿ ಎರಡನೇ ವರ್ಷ ತಿಳಿದುಕೊಂಡೆ. 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000. ಅದರಲ್ಲಿ ಹತ್ತನೇ ಒಂದು ಪಾಲು ಸ್ವಚ್ಛತೆಗೇ ಹೋಗಬೇಕು. ಇದರ ಜೊತೆ ಆಟದ ಸಾಮಾನಿಗೆ, ಲೈಬ್ರರಿಗೆ ಚಿಲ್ಲರೆ ಚಿಲ್ಲರೆ. ನಮ್ಮಲ್ಲಿ 103 ಮಕ್ಕಳಿದ್ದರು. ಒಂದು ಜೂನಿನಲ್ಲಿ ಊರ ಬಾಗಿಲಿಗೆ ಕಾನ್ವೆಂಟಿನ ಹಳದಿ ವ್ಯಾನ್ ಬಂತು. ಆರು ಮಕ್ಕಳು ಹತ್ತಿ ಹೋದರು. 97 ಆಯ್ತು. ಆರು ಮಕ್ಕಳು ಕಮ್ಮಿ ಆದದ್ದಕ್ಕೆ ನಮ್ಮ ಪಾಲಿನ ಅನುದಾನ ಅರ್ಧಕ್ಕೆ ಇಳಿಯಿತು. ಕೊಠಡಿ ಅಷ್ಟೇ ಇದೆ, ಹೆಂಚು ಅಷ್ಟೇ ಇದೆ, ಮಳೆ ಬಂದರೆ ಸೋರೋದೂ ಅಷ್ಟೇ ಇದೆ. ಇದನ್ನು ಊರಿಗೆ ಯಾರಾದರೂ ಮೊದಲೇ ಹೇಳಿದ್ದರೆ, ಆ ಆರು ಮನೆಗಳಿಗೆ ನಾನೇ ಹೋಗಿ ಕಾಲು ಹಿಡಿಯುತ್ತಿದ್ದೆ.

ಅದಕ್ಕಿಂತ ವಿಚಿತ್ರ ಅಂದರೆ ಮಾರ್ಚ್ ತಿಂಗಳು. ಮೊದಲೆಲ್ಲ ಅನುದಾನ ಶಾಲೆ ಖಾತೆಗೆ ಬಂದು ಕೂರುತ್ತಿತ್ತಂತೆ. 2021ರಿಂದ ಕೇಂದ್ರ ಸರ್ಕಾರದವರು ಪದ್ಧತಿ ಬದಲಾಯಿಸಿದರು. ಈಗ ನಮ್ಮದು ಜೀರೊ ಬ್ಯಾಲೆನ್ಸ್ ಖಾತೆ. ದುಡ್ಡು ಮೇಲಿನ ಒಂದೇ ಖಾತೆಯಲ್ಲಿ ಇರುತ್ತದೆ, ಇಷ್ಟು ಖರ್ಚು ಮಾಡಬಹುದು ಅಂತ ನಮಗೊಂದು ಮಿತಿ ಮಾತ್ರ ಕಾಣುತ್ತದೆ. ಆ ಮಿತಿ ಯಾವಾಗ ಬರುತ್ತದೆ ಅಂತ ಯಾರೂ ಹೇಳಲ್ಲ, ಮಾರ್ಚ್ 31ಕ್ಕೆ ಹೋಗಿಬಿಡುತ್ತದೆ ಅಂತ ಮಾತ್ರ ಎಲ್ಲರೂ ಹೇಳುತ್ತಾರೆ. ಒಂದು ವರ್ಷ ನಮಗೆ ಅದು ಫೆಬ್ರವರಿ ಕೊನೆಗೆ ಬಂತು. ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪು ಎಳೆಸಬೇಕು ಅಂತ ಸಮಿತಿಯಲ್ಲಿ ಬರೆದಿದ್ದೆವು. ಪ್ಲಂಬರ್ ಬಂದು ನೋಡಿ, ನೆಲ ಅಗೆಯಬೇಕು, ಹದಿನೈದು ದಿನ ಬೇಕು ಅಂದ. ಬಿಲ್ಲು ಕೊಡೋಕೆ ಅವನ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲ. ಸಾಫ್ಟ್‌ವೇರಿನಲ್ಲಿ ಅವನ ಹೆಸರು ವೆಂಡರ್ ಆಗಿ ಏರಿಸಬೇಕು, ಅದು ಏರುತ್ತಿಲ್ಲ. ದಿನ ಓಡುತ್ತಿದೆ. ಕೊನೆಗೆ ಏನಾಯ್ತು ಗೊತ್ತಾ? ಪಟ್ಟಣದ ಒಂದು ಸ್ಟೇಷನರಿ ಅಂಗಡಿಯಿಂದ ಎರಡು ಗ್ಲೋಬು, ಒಂದಷ್ಟು ಚಾರ್ಟು, ಕಬ್ಬಿಣದ ಒಂದು ಬೀರು, ಫಿನಾಯಿಲ್ ಕ್ಯಾನು. ಬಿಲ್ಲು ಪಕ್ಕಾ, ವೋಚರ್ ಪಕ್ಕಾ, ಆಡಿಟ್ಟಿಗೆ ಒಂದು ಚುಕ್ಕೆ ತಪ್ಪಿಲ್ಲ. ಮೂರು ಸಾವಿರ ಚಿಲ್ಲರೆ ಉಳಿದದ್ದು ವಾಪಸ್ ಹೋಯ್ತು. ಹುಡುಗಿಯರು ಅವತ್ತೂ ಬಕೆಟ್ಟಿನಲ್ಲೇ ನೀರು ಹೊತ್ತರು. ನಮ್ಮ ಶಾಲೆಯಲ್ಲಿ ಈಗ ಒಟ್ಟು ಐದು ಗ್ಲೋಬ್ ಇವೆ ಸರ್. ಭೂಮಿ ಒಂದೇ ಅಲ್ವಾ?

ನನ್ನ ಕೈಯಾರೆ ನಡೆದ ಒಂದು ಲೆಕ್ಕ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶೂ ಲೆಕ್ಕ. 2022ರಲ್ಲಿ ಶಾಲೆ ಶುರುವಾದರೂ ಶೂ ಕೊಡುತ್ತಾರೋ ಇಲ್ಲವೋ ಅಂತ ಗಲಾಟೆ ಆಯ್ತಲ್ಲ, ಪೇಪರಿನಲ್ಲೆಲ್ಲ ಬಂತು, ಆಮೇಲೆ ಜುಲೈನಲ್ಲಿ ಸರ್ಕಾರ 132 ಕೋಟಿ ಮಂಜೂರು ಮಾಡಿತು. ಆ 132 ಕೋಟಿ ಹಳ್ಳಿಗೆ ಇಳಿದು ಬರುವಾಗ ಹೀಗಿತ್ತು: ಒಂದರಿಂದ ಐದನೇ ಕ್ಲಾಸಿನ ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325. ಇಷ್ಟರಲ್ಲಿ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸು. ಕೊಳ್ಳಬೇಕಾದವರು ಎಸ್‌ಡಿಎಂಸಿಯವರು, ಅಂದರೆ ನಾನು.

ಅವತ್ತು ಮೊದಲ ಸಲ ನನಗೆ ಅಧ್ಯಕ್ಷೆ ಅನ್ನಿಸಿದ್ದು. ಹಳೇ ಪೇಪರ್ ತಗೊಂಡು ಹೋದೆ. ಒಂದೊಂದು ಮಗುವನ್ನೂ ಪೇಪರ್ ಮೇಲೆ ನಿಲ್ಲಿಸಿ, ಮಾರ್ಕಿಂಗ್ ಚಾಕಿನಲ್ಲಿ ಪಾದದ ಸುತ್ತ ಗೆರೆ ಎಳೆದು, ಒಳಗೆ ಹೆಸರು ಬರೆದು, ಬೆರಳ ತುದಿಗೆ ಅರ್ಧ ಇಂಚು ಬಿಟ್ಟು ಕತ್ತರಿಸಿಕೊಂಡೆ. ಕಾಲು ಬೆಳೆಯುತ್ತದಲ್ಲ. ಎರಡನೇ ಕ್ಲಾಸಿನ ಒಬ್ಬ ಹುಡುಗ ಪೇಪರ್ ಮೇಲೆ ನಿಲ್ಲೋಕೇ ಒಪ್ಪಲಿಲ್ಲ, ಅಕ್ಷರ ತುಳಿಯಬಾರದು ಅಂತ ಅವರಜ್ಜಿ ಹೇಳಿದ್ದಾರಂತೆ. ಅವನಿಗೆ ಸಿಮೆಂಟ್ ಚೀಲ ಹಾಸಿದೆ. ನೂರು ಪಾದಗಳ ಕಂತೆ ಕಟ್ಟಿಕೊಂಡು ಬಸ್ಸಿನಲ್ಲಿ ಪಟ್ಟಣಕ್ಕೆ ಹೋದೆವು, ನಾನು, ಇನ್ನಿಬ್ಬರು ಸದಸ್ಯೆಯರು, ಹೆಡ್‌ಮಾಸ್ಟ್ರು. ನಾಲ್ಕು ಅಂಗಡಿ ತಿರುಗಿದೆವು. 265ಕ್ಕೆ ಕೊಡೋದು ಎಂಥಾ ಶೂ ಅಂತ ನಿಮಗೆ ಗೊತ್ತು. ಬಗ್ಗಿಸಿದರೆ ಬಿರುಕು ಬಿಡುವ ರೆಕ್ಸಿನ್, ಹೊಲಿಗೆ ಇಲ್ಲ, ಬರೀ ಗಮ್. ನಾನು ಹೊಲಿಗೆಯವಳು, ಕೈಗೆತ್ತಿಕೊಂಡರೆ ತಿಳಿಯುತ್ತದೆ. ಜಗಳ ಆಡಿ, ಒಟ್ಟಿಗೆ ನೂರು ಜೊತೆ ಅಂತ ಚೌಕಾಸಿ ಮಾಡಿ, ಅಂಚಿಗೆ ಹೊಲಿಗೆ ಇರೋದನ್ನೇ ತಂದೆವು. ಲೆಕ್ಕಕ್ಕೆ ಎರಡು ಸಾವಿರದಷ್ಟು ಕಮ್ಮಿ ಬಿತ್ತು. ಹೆಡ್‌ಮಾಸ್ಟ್ರು ಸಾವಿರ ಹಾಕಿದರು, ನಾವು ಮೂವರು ಸೇರಿ ಉಳಿದದ್ದು.

ಅದಾದ ಮೇಲೆ ನಾನು ಹಠ ಹಿಡಿದು ಒಂದು ಕೆಲಸ ಮಾಡಿದೆ. ಶೂ ಹಂಚುವ ದಿನ ತಾಯಂದಿರ ಮುಂದೆ ಬಿಲ್ಲು ಓದಿ ಹೇಳಿದೆ. ಇಷ್ಟು ಬಂತು, ಇಷ್ಟು ಕೊಟ್ಟೆವು, ಇಷ್ಟು ಕಮ್ಮಿ ಬಿತ್ತು. ಒಂದು ನಿಮಿಷದ ಕೆಲಸ. ಮಾರನೇ ದಿನ ನಮ್ಮೂರ ಹಾಲಿನ ಡೈರಿಯಲ್ಲಿ ಅದೇ ಮಾತು. ಮೂರನೇ ದಿನ ಒಬ್ಬರು ಅಂಗಡಿಗೆ ಬಂದು, ಅಕ್ಕ, ಕಮ್ಮಿ ಬಿದ್ದ ದುಡ್ಡಿಗೆ ನಂದೂ ಇನ್ನೂರು ಇಟ್ಕೊಳ್ಳಿ ಅಂದರು. ಅವರ ಮಗು ಆ ಶಾಲೆಯಲ್ಲಿ ಇಲ್ಲವೇ ಇಲ್ಲ, ಅದೇ ಹಳದಿ ವ್ಯಾನಿನ ಮಗು.

ಇದನ್ನು ಯಾಕೆ ಇಷ್ಟುದ್ದ ಹೇಳಿದೆ ಅಂದರೆ, ಅದೇ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ನಡೆಯಿತು. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೊಳ್ಳಬಹುದು ಅಂತ ಇಲಾಖೆಯಿಂದ ಸುತ್ತೋಲೆ ಬಂತು. ರಾಜ್ಯಪೂರ್ತಿ ಬೈದರು, ಕೆಲವೇ ದಿನಕ್ಕೆ ವಾಪಸ್ ತಗೊಂಡರು. ಬೈದದ್ದು ಸರಿ. ಕೂಲಿ ಮಾಡುವವರ ಹತ್ತಿರ ಸರ್ಕಾರಿ ಶಾಲೆಗೆ ದುಡ್ಡು ಕೇಳೋದು ತಪ್ಪು. ಆದರೆ ನಮ್ಮೂರಲ್ಲಿ ಜನ ಸಿಟ್ಟಾಗಿದ್ದು ನೂರು ರೂಪಾಯಿಗೆ ಅಲ್ಲ. ಇರೋ ದುಡ್ಡಿನ ಲೆಕ್ಕವನ್ನೇ ಹೇಳದವರು ಇನ್ನೂ ಕೇಳ್ತಾರಲ್ಲ ಅಂತ. ಒಬ್ಬ ಹಿರಿಯರು ಪಂಚಾಯ್ತಿಯ ಮನೆ ಕಂದಾಯದ ರಸೀದಿ ತಂದು ತೋರಿಸಿದರು. ಅದರಲ್ಲಿ ‘ಶಿಕ್ಷಣ ಕರ’ ಅಂತ ಒಂದು ಸಾಲೇ ಇದೆ. ನೀವೂ ಒಂದು ಸಲ ರಸೀದಿ ತೆಗೆದು ನೋಡಿ. ನಾವು ಕೊಡುತ್ತಲೇ ಇದ್ದೇವೆ. (ಒಳ್ಳೇದು ನಡೆದದ್ದನ್ನೂ ಹೇಳಬೇಕು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಫ್ರೀ ಅಂತ ಮುಖ್ಯಮಂತ್ರಿ ಹೇಳಿದ ಮೇಲೆ ಅನುದಾನದಲ್ಲಿ ಕರೆಂಟ್ ಬಿಲ್ ಕಟ್ಟುವ ತಾಪತ್ರಯ ತಪ್ಪಿತು.)

ಕಾನೂನಿನಲ್ಲಿ ನಮ್ಮ ಕೈ ಕಟ್ಟಿಲ್ಲ, ಇದೇ ನನಗೆ ಆಶ್ಚರ್ಯ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಎಸ್‌ಡಿಎಂಸಿ ಆದೇಶ ಹೊರಡಿಸಿತು. ಅದರ ಪೂರ್ತಿ ಹೆಸರು ‘ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ’. ಮೇಲುಸ್ತುವಾರಿ ಅನ್ನೋ ಪದ ಹೆಸರಲ್ಲೇ ಇದೆ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆ ತಾಯಂದಿರೇ ಇರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಬಳಕೆ ಆಯ್ತು ಅಂತ ನೋಡೋದು ಸಮಿತಿಯ ಕೆಲಸ ಅಂತ ಅಲ್ಲೇ ಬರೆದಿದೆ. 22ನೇ ಸೆಕ್ಷನ್ನಿನಲ್ಲಿ ಶಾಲಾ ಅಭಿವೃದ್ಧಿ ಯೋಜನೆಯನ್ನು ನಾವೇ ಮಾಡಬೇಕು ಅಂತ ಇದೆ. ನಮ್ಮ ಯೋಜನೆ ನಾನು ಓದಿದ್ದೇನೆ. ಪಕ್ಕದೂರಿನ ಶಾಲೆಯದ್ದನ್ನೂ ಓದಿದ್ದೇನೆ. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ. ಶಾಲೆಯ ಹೆಸರು, ಮಕ್ಕಳ ಸಂಖ್ಯೆ ಮಾತ್ರ ಬೇರೆ. ಅವರ ಶಾಲೆಗೆ ಕಾಂಪೌಂಡು ಇದೆ, ನಮಗಿಲ್ಲ. ಯೋಜನೆಯಲ್ಲಿ ಇಬ್ಬರಿಗೂ ಕಾಂಪೌಂಡ್ ಬೇಕು.

ನಮ್ಮ ನಾದಿನಿ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಫೋನಿನಲ್ಲಿ ಈ ಕಥೆ ಹೇಳಿದರೆ ನಕ್ಕಳು. ಅಲ್ಲಿ ಶಾಲೆಗಳಿಗೆ ಅಂತಲೇ ಬೇರೆ ಡಿಸ್ಟ್ರಿಕ್ಟ್ ಇದೆಯಂತೆ, ಇಡೀ ದೇಶದಲ್ಲಿ ಅಂಥವು ಸುಮಾರು 13 ಸಾವಿರ. ಕೆಲವು ನಮ್ಮ ಹೋಬಳಿಗಿಂತಲೂ ಚಿಕ್ಕವು. ಅದನ್ನು ನಡೆಸೋಕೆ ಬೋರ್ಡು, ಬೋರ್ಡಿಗೆ ಚುನಾವಣೆ. ಬಜೆಟ್ಟನ್ನು ಎಲ್ಲರ ಎದುರು ಮಂಡಿಸಬೇಕು, ಯಾರು ಬೇಕಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದು. ಎಷ್ಟು ಜನ ಬರ್ತಾರೆ ಅಂತ ಕೇಳಿದೆ. ಹತ್ತು ಜನ ಬಂದರೆ ಜಾಸ್ತಿ ಅತ್ತಿಗೆ ಅಂದಳು. ಅಲ್ಲೂ ಅಷ್ಟೇ ಕಥೆ! ಜೊತೆಗೆ ಮನೆ ಕಂದಾಯದ ದುಡ್ಡೇ ಶಾಲೆಗೆ ಮುಖ್ಯ ಆದ್ದರಿಂದ ಶ್ರೀಮಂತರ ಏರಿಯಾಕ್ಕೆ ಒಳ್ಳೇ ಶಾಲೆ, ಬಡವರ ಏರಿಯಾಕ್ಕೆ ಸಾಧಾರಣ ಶಾಲೆ ಅಂತ ತಕರಾರು ಅಲ್ಲಿ ಇದ್ದೇ ಇದೆಯಂತೆ. ಹಾಗಾಗಿ ಅವರ ಹಾಗೆ ಆಗಬೇಕು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಬಾರದಿದ್ದರೂ ಲೆಕ್ಕ ಸಿಗುತ್ತದೆ, ಇಲ್ಲಿ ಬಂದು ಕೂತರೂ ಟೀ ಬಿಸ್ಕತ್ತು ಮಾತ್ರ ಸಿಗುತ್ತದೆ. ವ್ಯತ್ಯಾಸ ಇಷ್ಟೇ.

ಈಗ ಎರಡನೇ ಲೆಕ್ಕಕ್ಕೆ ಬರುತ್ತೇನೆ. ಇದು ಬರೆಯುವಾಗ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ, ತಪ್ಪು ತಿಳಿಯಬೇಡಿ.

ನನ್ನ ಮಗಳು 2025ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆದಳು. ಅವಳು ಆರನೇ ಕ್ಲಾಸನ್ನು ಕೊರೊನಾದಲ್ಲಿ ಮನೆಯಲ್ಲೇ ಕಳೆದವಳು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಪೋಸ್ಟ್ ಖಾಲಿ. ಅತಿಥಿ ಶಿಕ್ಷಕರು ಬರುವಾಗ ಆಗಸ್ಟ್ ಆಯ್ತು. ಒಳ್ಳೇ ಹುಡುಗ, ಚೆನ್ನಾಗಿ ಹೇಳಿಕೊಡುತ್ತಿದ್ದ. ಡಿಸೆಂಬರಿನಲ್ಲಿ ಬೇರೆ ಕಡೆ ಖಾಯಂ ಕೆಲಸ ಸಿಕ್ಕಿತು, ಹೋದ. ಹೋಗಬೇಡ ಅಂತ ಯಾರು ಹೇಳೋಕಾಗುತ್ತದೆ, ಅತಿಥಿ ಶಿಕ್ಷಕರಿಗೆ ಕೊಡುವ ಗೌರವಧನ ನಮಗೆಲ್ಲ ಗೊತ್ತಿರೋದೇ, ಅದೂ ತಿಂಗಳು ತಿಂಗಳು ಬರಲ್ಲ. ಜನವರಿಯಲ್ಲಿ ‘ಪಾಸಿಂಗ್ ಪ್ಯಾಕೇಜ್’ ಅಂತ ಜೆರಾಕ್ಸ್ ಹಾಳೆ ಕೊಟ್ಟರು. ಗ್ರಾಫ್ ಬಿಡಿಸು, ಇಷ್ಟು ಮಾರ್ಕು. ಈ ಎರಡು ಪ್ರಮೇಯ ಬಾಯಿಪಾಠ ಮಾಡು, ಇಷ್ಟು. ಸಮಾಜಕ್ಕೆ ಭಾರತದ ಮ್ಯಾಪು. ಬೆಳಿಗ್ಗೆ ಐದಕ್ಕೆ ಮೇಷ್ಟ್ರುಗಳು ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುತ್ತಿದ್ದರು, ಪಾಪ ಅವರಿಗೂ ನಿದ್ದೆ ಇಲ್ಲ. ಮಗಳು ಪ್ರಮೇಯವನ್ನು ಸುಪ್ರಭಾತದ ಹಾಗೆ ಒಪ್ಪಿಸುತ್ತಿದ್ದಳು. ಇದು ಯಾಕೆ ಹೀಗೆ ಅಂತ ಒಂದು ದಿನ ಕೇಳಿದೆ. ಅಮ್ಮ, ಯಾಕೆ ಅಂತ ಕೇಳೋಕೆ ಟೈಮಿಲ್ಲ ಅಂದಳು. ಮೊದಲ ಸಲದ ‘ಪರೀಕ್ಷೆ 1’ರಲ್ಲಿ ಗಣಿತ ಒಂದೇ ಮಾರ್ಕಿನಲ್ಲಿ ಹೋಯ್ತು. ಮತ್ತೆ ಬರೆದ ‘ಪರೀಕ್ಷೆ 2’ರಲ್ಲಿ ಪಾಸಾದಳು. ಈಗ ಆರ್ಟ್ಸ್ ತಗೊಂಡು ಪಿಯುಸಿ ಓದುತ್ತಿದ್ದಾಳೆ. ಗಣಿತ ಇಲ್ಲದ ಕಡೆಗೆ ಹೋದಳು, ಅಷ್ಟೇ.

ಆ ವರ್ಷ ರಾಜ್ಯದ ಫಲಿತಾಂಶ ಶೇ 66.14. ದಕ್ಷಿಣ ಕನ್ನಡ ಶೇ 91.12 ತೆಗೆದು ಮೊದಲು, ಕಲಬುರಗಿ ಶೇ 42.43ಕ್ಕೆ ಕೊನೆ. ಅದಕ್ಕೂ ಹಿಂದೆ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ಮೇಲೆ ಶೇ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕನ್ನು ಶೇ 20ಕ್ಕೆ ಏರಿಸಿದ ಮೇಲೆ. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಿಬಿಟ್ಟರಾ? ಹಿಂದಿನ ವರ್ಷದ ಅಳತೆ ಟೇಪು ಜಗ್ಗಿತ್ತು, ಅಷ್ಟೇ. ಈಗ 2025ರ ಅಕ್ಟೋಬರಿನಲ್ಲಿ ಶಿಕ್ಷಣ ಸಚಿವರು ಪಾಸ್ ಆಗೋಕೆ ಶೇ 33 ಸಾಕು ಅಂದರು. 625ಕ್ಕೆ 206, ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30. ಆ 625ರಲ್ಲಿ ಶಾಲೆಯಲ್ಲೇ ಕೊಡುವ ಆಂತರಿಕ ಅಂಕ 125. ಆಂತರಿಕ ಅಂಕ ಯಾವ ಮಗುವಿಗೆ ಕಮ್ಮಿ ಬಿದ್ದದ್ದು ನಾನಂತೂ ಕಂಡಿಲ್ಲ. ನನ್ನ ಮಗಳಿಗೆ ಈ ನಿಯಮ ಒಂದು ವರ್ಷ ಮೊದಲೇ ಬಂದಿದ್ದರೆ ಮೇ ತಿಂಗಳ ಅಳು ತಪ್ಪುತ್ತಿತ್ತು, ಅದಕ್ಕೇ ನಾನು ನಿಯಮವನ್ನು ಬೈಯಲ್ಲ. ಆದರೆ ಅವಳಿಗೆ ಗಣಿತ ಬರುತ್ತಿರಲಿಲ್ಲ ಅನ್ನೋದು ಆಗಲೂ ಹಾಗೇ ಉಳಿಯುತ್ತಿತ್ತು.

ತಾಲ್ಲೂಕಿನಲ್ಲಿ ಫಲಿತಾಂಶ ಇಳಿದಾಗ ನಿಮ್ಮ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತದೆ. ಯಾವ ಸ್ಥಾನದಿಂದ ಯಾವ ಸ್ಥಾನಕ್ಕೆ ಬಿದ್ದೆವು, ಮುಂದಿನ ಸಲ ಶೇ 100 ಗುರಿ, ಹೆಡ್‌ಮಾಸ್ಟ್ರುಗಳಿಗೆ ಕಾರಣ ಕೇಳಿ ನೋಟಿಸು. ಮೀಟಿಂಗಿನ ಫೋಟೊ ನಾನೂ ನೋಡಿದ್ದೇನೆ. ಅದರಲ್ಲಿ ಹೈಸ್ಕೂಲಿನವರು ಮಾತ್ರ ಇರುತ್ತಾರೆ. ಹತ್ತನೇ ಕ್ಲಾಸಿನಲ್ಲಿ ಹರಿದದ್ದರ ಹೊಲಿಗೆ ಬಿಚ್ಚಿದ್ದು ಮೂರನೇ ಕ್ಲಾಸಿನಲ್ಲಿ ಸರ್. ಇದು ಟೈಲರ್ ಮಾತು ಅಂತ ಬಿಡಬೇಡಿ. ನನ್ನ ಮಗ ಈಗ ಐದನೇ ಕ್ಲಾಸು. ಅವನ ಕ್ಲಾಸಿನಲ್ಲಿ ಹದಿಮೂರು ಮಕ್ಕಳು. ಮಧ್ಯಾಹ್ನ ಅಂಗಡಿಗೆ ಬಂದು ಕೂರುವ ಅವನ ಗೆಳೆಯರಿಗೆ ನಾನು ಅಳತೆ ಪುಸ್ತಕ ಓದೋಕೆ ಕೊಡುತ್ತೇನೆ. ‘ತೋಳು ಒಂಬತ್ತೂವರೆ, ಎದೆ ಮೂವತ್ತನಾಲ್ಕು’. ಐದು ಜನ ಕೊಟ್ಟ ಕಡೆಯಲ್ಲೆಲ್ಲ ಓದುತ್ತಾರೆ. ನಾಲ್ಕು ಜನ ಒಂದೊಂದೇ ಅಕ್ಷರ ಕೂಡಿಸುತ್ತಾರೆ. ಇಬ್ಬರು ನನ್ನ ಮುಖ ನೋಡಿ ಊಹೆ ಮಾಡುತ್ತಾರೆ. ಉಳಿದಿಬ್ಬರು ಅಂಗಡಿ ಕಡೆ ಬರೋದೇ ನಿಲ್ಲಿಸಿದರು, ನನಗೆ ಈಗ ಅದಕ್ಕೆ ಬೇಜಾರು. ಈ ಮಕ್ಕಳ ಅಂಕಪಟ್ಟಿಯಲ್ಲಿ ಎಲ್ಲರಿಗೂ ಎ, ಬಿ ಪ್ಲಸ್. ತಾಯಂದಿರು ಅದನ್ನು ನೋಡಿ ಖುಷಿಯಾಗಿ ಸೈನ್ ಹಾಕುತ್ತಾರೆ, ನಾನು ಚೆಕ್ಕಿಗೆ ಹಾಕುತ್ತಿದ್ದ ಹಾಗೆಯೇ.

ಟೀಚರ್‌ಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ನಲಿಕಲಿ ಮಿಸ್ ಹತ್ತಿರ ಕೇಳಿದರೆ ಯಾವ ಮಗು ಯಾವ ಅಕ್ಷರದಲ್ಲಿ ನಿಂತಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಒಂದು, ಎರಡು, ಮೂರು ಕ್ಲಾಸು ಅವರೊಬ್ಬರೇ ನೋಡೋದು. 2025ರ ದಸರಾ ರಜೆಯನ್ನು ಜಾತಿ ಸಮೀಕ್ಷೆಗೆ ಅಂತ ಅಕ್ಟೋಬರ್ 18ರವರೆಗೆ ಎಳೆದಾಗ ಅದೇ ಮಿಸ್ಸು ಮನೆ ಮನೆ ಸುತ್ತಿದರು, ನಮ್ಮನೆಗೂ ಬಂದರು, ನಾನು ನೀರು ಕೊಟ್ಟೆ. ಬಂದವರು ಮೊದಲು ಕೇಳಿದ್ದು ಪ್ರಶ್ನೆಪಟ್ಟಿಯಲ್ಲಿ ಇಲ್ಲದ್ದು: ಮಗ ದಿನಾ ಓದ್ತಾನಾ ಅಂತ.

ಹಾಗಾದರೆ ನೀವೇನು ಮಾಡಬೇಕು? ಮೇಷ್ಟ್ರ ನೇಮಕ ನಿಮ್ಮ ಕೈಲಿಲ್ಲ. ಅನುದಾನ ಜೂನಿಗೇ ಬರಲಿ ಅಂತ ನೀವು ಹೇಳಿದರೆ ಬೆಂಗಳೂರು ಕೇಳಲ್ಲ, ಬೆಂಗಳೂರು ಹೇಳಿದರೆ ದೆಹಲಿ ಕೇಳಲ್ಲ. ಅದೆಲ್ಲ ನನಗೆ ಗೊತ್ತು. ನಿಮ್ಮ ಕೈಲಿರೋದನ್ನೇ ಕೇಳುತ್ತೇನೆ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಹಾಕಿ, ‘ತುರ್ತು’ ಅಂತಲೇ ಹಾಕಿ. ತಾಲ್ಲೂಕಿನ ಪ್ರತಿ ಸರ್ಕಾರಿ ಶಾಲೆಯ ಹೊರಗೋಡೆಗೆ ಒಂದು ಬೋರ್ಡು. ಈ ವರ್ಷ ಯಾವ ದಿನ ಎಷ್ಟು ದುಡ್ಡು ಬಂತು, ಯಾವುದಕ್ಕೆ ಹೋಯ್ತು, ಎಷ್ಟು ವಾಪಸ್ ಹೋಯ್ತು. ಮಂಜೂರಾದ ಮೇಷ್ಟ್ರು ಎಷ್ಟು, ಇರೋದು ಎಷ್ಟು, ಯಾವ ತಿಂಗಳಿಂದ ಖಾಲಿ. ಮೂರನೇ ಕ್ಲಾಸು, ಐದನೇ ಕ್ಲಾಸಿನಲ್ಲಿ ಕನ್ನಡದ ಒಂದು ಪುಟ ತಡವರಿಸದೆ ಓದುವವರು ಎಷ್ಟು ಜನ, ಕಳೆಯೋ ಲೆಕ್ಕ ಮಾಡುವವರು ಎಷ್ಟು ಜನ. ಮಕ್ಕಳ ಹೆಸರು ಬೇಡ, ಯಾವ ಮಗುವಿಗೂ ಅವಮಾನ ಆಗಬಾರದು, ಸಂಖ್ಯೆ ಸಾಕು. ಇದಕ್ಕೆ ಹೊಸ ಆದೇಶವೂ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಯಾರೂ ಅರ್ಜಿ ಹಾಕದಿದ್ದರೂ ಇಂಥದ್ದನ್ನೆಲ್ಲ ತಾವಾಗಿ ಹೇಳಿ ಅನ್ನುತ್ತದೆ.

ಬೋರ್ಡು ಓದಲು ಬಾರದವರೂ ನಮ್ಮಲ್ಲಿ ಇದ್ದಾರೆ. ಅದಕ್ಕೇ ಜನವರಿ 26ಕ್ಕೂ ಆಗಸ್ಟ್ 15ಕ್ಕೂ ಬಾವುಟ ಹಾರಿಸಿದ ಮೇಲೆ, ಲಾಡು ಹಂಚುವ ಮೊದಲು, ಅದನ್ನು ಗಟ್ಟಿಯಾಗಿ ಓದಿಸಿ. ಅವತ್ತು ಊರೇ ಬಂದಿರುತ್ತದೆ, ಬೇರೆ ಸಭೆ ಕರೆಯೋ ಕಷ್ಟ ಇಲ್ಲ. ಲಾಡು ಕೊಡುವ ಮೊದಲು ಅಂದದ್ದು ಬೇಕೆಂದೇ. ಕೊಟ್ಟ ಮೇಲೆ ಒಬ್ಬರೂ ನಿಲ್ಲಲ್ಲ.

ಇನ್ನೊಂದು ಸಣ್ಣ ಮಾತು. ಪೋಷಕರ ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡಬೇಡಿ. ಹನ್ನೊಂದಕ್ಕೆ ಬರೋಕೆ ಆಗೋದು ಕೆಲಸ ಇಲ್ಲದವರಿಗೆ ಮಾತ್ರ. ಸಂಜೆ ಆರಕ್ಕೆ ಇಡಿ, ಹಾಲು ಹಾಕಿ ಬರುತ್ತಾರೆ.

ನಿಮಗೆ ಭಯ ಇರಬಹುದು, ಲೆಕ್ಕ ಹೇಳಿದರೆ ಜನ ಜಗಳಕ್ಕೆ ಬರುತ್ತಾರೆ ಅಂತ. ಬರುತ್ತಾರೆ. ಊರಿನ ರಾಜಕೀಯ ಶಾಲೆ ಒಳಗೆ ನುಗ್ಗುತ್ತದೆ, ಹೆಡ್‌ಮಾಸ್ಟ್ರನ್ನು ಹೆದರಿಸುವವರೂ ಹುಟ್ಟುತ್ತಾರೆ. ನನ್ನ ಕಾಲದಲ್ಲೇ ಒಬ್ಬರು ಬಣ್ಣದ ಕಂಟ್ರಾಕ್ಟು ತಮ್ಮ ಅಳಿಯನಿಗೆ ಕೊಡಿ ಅಂತ ನನ್ನ ಅಂಗಡಿ ಮುಂದೆ ಕೂಗಾಡಿದ್ದರು. ಆದರೆ ಅವರು ಕೂಗಾಡಿದ್ದು ಅಂಗಡಿ ಮುಂದೆ, ಯಾರೂ ಇಲ್ಲದಾಗ. ಎಲ್ಲರ ಮುಂದೆ ಬಿಲ್ಲು ಓದಿದ ದಿನ ಅವರು ಹಿಂದೆ ನಿಂತು ಸುಮ್ಮನೆ ಕೇಳಿಸಿಕೊಂಡರು.

ಈಗ ಜನವರಿ. ಇನ್ನೆರಡು ತಿಂಗಳಿಗೆ ಮತ್ತೆ ಮಾರ್ಚ್ 31. ಈಗಿನ ಅಧ್ಯಕ್ಷರು ನನಗೆ ಗೊತ್ತಿರುವ ಹುಡುಗ, ಆಟೊ ಓಡಿಸುತ್ತಾನೆ. ಹೆಡ್‌ಮಾಸ್ಟ್ರು ಅವನ ಸೈನಿಗೆ ಆಟೊ ಸ್ಟ್ಯಾಂಡಿಗೆ ಹೋಗುತ್ತಾರೆ. ಶೌಚಾಲಯದ ಪೈಪು ಇನ್ನೂ ಬಂದಿಲ್ಲ. ಈ ಸಲ ಪ್ಲಂಬರ್ ಹೆಸರನ್ನು ಸಾಫ್ಟ್‌ವೇರಿಗೆ ಈಗಲೇ ಏರಿಸಿಕೊಡಿ ಅಂತ ನಿಮ್ಮ ಆಫೀಸಿನ ಕೇಸ್ ವರ್ಕರಿಗೆ ಒಂದು ಮಾತು ಹೇಳಿದರೆ ಉಪಕಾರ.

ನಮ್ಮ ಶಾಲೆಯ ಬೋರ್ಡಿಗೆ ಖರ್ಚು ನನ್ನದು. ಶಾಲೆ ಬಾಗಿಲಿನ ಎಡಗಡೆ ಗೋಡೆ ಖಾಲಿ ಇದೆ, ಮೊನ್ನೆ ಹೋಗಿ ಅಳತೆ ತಗೊಂಡು ಬಂದೆ. ಆರಡಿ ಅಗಲ, ನಾಲ್ಕಡಿ ಎತ್ತರ. ಅಕ್ಷರ ದಪ್ಪ ಬೇಕು ಅಂತ ಪೇಂಟರಿಗೆ ಹೇಳಿದ್ದೇನೆ. ಏನು ಬರೆಯಬೇಕು ಅಂತ ಅವನು ಕೇಳುತ್ತಿದ್ದಾನೆ.

ಇಂತಿ,
ನಿಮ್ಮ ತಾಲ್ಲೂಕಿನ ಒಬ್ಬ ಮಾಜಿ ಎಸ್‌ಡಿಎಂಸಿ ಅಧ್ಯಕ್ಷೆ